ಅರೆದು ಕೊಟ್ಟ ಮಾತ್ರೆ

ಮನೆಯಿಂದ, ಸೋಮವಾರ, ಮಾರ್ಚ್ ೪

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ, ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಅಪ್ಪ ಹೋದ ಮರುವಾರವೇ ಕಾರ್ಖಾನೆಗೆ ಹೊರಟುಬಿಟ್ಟೆ, ನಿದ್ದೆಯಾದರೂ ಮಾಡುತ್ತೀಯೋ ಇಲ್ಲವೋ. ಇಲ್ಲಿ ಅಮ್ಮ ಎರಡು ತುತ್ತು ತಿನ್ನುತ್ತಾಳೆ, ಅಪ್ಪನ ಕುರ್ಚಿ ಒರೆಸುತ್ತಾಳೆ, ಸ್ವಲ್ಪ ಹೊತ್ತಿಗೆ ಮತ್ತೆ ಒರೆಸುತ್ತಾಳೆ. ನನಗಂತೂ ಈ ಮನೆಯೇ ಬೇಡವೆನ್ನಿಸಿದೆ.

ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ, ಅಮ್ಮ ಪಕ್ಕದಲ್ಲೇ ಇರುತ್ತಾಳಲ್ಲ. ನಿನ್ನೆ ಅಡುಗೆಮನೆ ತೊಳೆಯುವಾಗ ಸಣ್ಣ ಕುಟ್ಟಾಣಿಯ ತಳದಲ್ಲಿ ಗುಲಾಬಿ ಚೂರುಗಳು ಅಂಟಿದ್ದವು. ಇದೇನಮ್ಮ ಅಂದೆ. ಅಪ್ಪನ ಬಿಪಿ ಮಾತ್ರೆಯಂತೆ. "ನುಂಗಿದ್ದು ನುಂಗಿದ ಹಾಗೇ ಹೊರಗೆ ಬರ್ತಿತ್ತು ಕಣೇ, ಬೆಡ್‌ಪ್ಯಾನಲ್ಲಿ ನಾನೇ ನೋಡ್ದೆ. ಅದಕ್ಕೇ ಕೊನೇ ದಿನ ಅರೆದು ಜೇನುತುಪ್ಪದಲ್ಲಿ ಕೊಟ್ಟೆ. ಒಂದು ಚೂರೂ ದಂಡ ಆಗ್ಲಿಲ್ಲ" ಎಂದಳು. ಅಪ್ಪ ಹೋದಮೇಲೆ ಮೊದಲ ಸಲ ಅವಳ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಂಡೆ.

ನನಗೆ ತಕ್ಷಣ ನಿನ್ನ ಮಾತು ನೆನಪಾಯಿತು. ಊಟಕ್ಕೆ ಕೂತಾಗಲೆಲ್ಲ ನಿನ್ನ ಕಾರ್ಖಾನೆಯ ಇಂಥದೇ ಮಾತ್ರೆಯ ಬಗ್ಗೆ ನಮ್ಮ ತಲೆ ತಿನ್ನುತ್ತಿದ್ದವನು ನೀನೇ ತಾನೆ? ಸಿಪ್ಪೆ ನೀರನ್ನು ಮಾತ್ರ ಒಳಗೆ ಬಿಡುತ್ತದೆ, ಒಳಗಿನ ಪದರ ನೀರು ಕುಡಿದು ಉಬ್ಬುತ್ತದೆ, ಉಬ್ಬಿ ಔಷಧಿಯನ್ನು ಒಂದೇ ಒಂದು ಸಣ್ಣ ತೂತಿನಿಂದ ದಿನವಿಡೀ ಚೂರುಚೂರೇ ತಳ್ಳುತ್ತದೆ, ಕೊನೆಗೆ ಖಾಲಿ ಸಿಪ್ಪೆ ಇಡಿಯಾಗಿ ಆಚೆ ಹೋಗುತ್ತದೆ ಎಂದು. ಆ ತೂತು ಕೊರೆಯುವ ಯಂತ್ರ ನಿನ್ನದೆಂದು ತೂತಪ್ಪ ಎಂದು ಆಡಿಕೊಳ್ಳುತ್ತಿದ್ದೆ. "ಸಾಕು ನಿನ್ನ ತೂತಿನ ಪುರಾಣ, ಊಟ ಆರ್ತಿದೆ" ಎಂದು ಅಮ್ಮ ಎದ್ದುಬಿಡುತ್ತಿದ್ದಳು. ಪಾಪ, ಅವಳು ನೋಡಿದ್ದು ಬರೀ ಸಿಪ್ಪೆ. ಅರೆದಾಗ ಇಡೀ ದಿನದ ಔಷಧಿ ಒಂದೇ ಗುಟುಕಿಗೆ ಹೋಯಿತು. ಬಿಪಿ ಹೀಗೆ ದಿಢೀರನೆ ಯಾಕೆ ಕುಸಿಯಿತೋ ಎಂದು ಡಾಕ್ಟರು ತಲೆ ಕೆರೆದುಕೊಂಡದ್ದು ನೆನಪಿದೆಯಲ್ಲ.

ನೀನು ಮುಂಗೋಪಿ, ಅವಳ ಮೇಲೆ ಎಗರಾಡುತ್ತೀಯೆಂದೇ ನನ್ನ ಭಯ. ನನಗೂ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಗೊತ್ತಾದರೆ ಅವಳು ಉಳಿಯುವುದಿಲ್ಲ ಅಣ್ಣಾ. ಅಪ್ಪನನ್ನು ಕಳೆದುಕೊಂಡಾಯಿತು, ಅಮ್ಮನನ್ನೂ ಕಳೆದುಕೊಳ್ಳುವ ಶಕ್ತಿ ನನಗಿಲ್ಲ. ಕುಟ್ಟಾಣಿ ತೊಳೆದಿಟ್ಟಿದ್ದೇನೆ. ಇದನ್ನು ಓದಿ ಹರಿದು ಹಾಕು, ಮೈ ಕಡೆ ಗಮನವಿರಲಿ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಈಗಷ್ಟೇ ಅಮ್ಮ ಬಂದು, "ಇನ್ನೂ ಮೊದಲೇ ಅರೆದು ಕೊಟ್ಟಿದ್ರೆ ಉಳೀತಿದ್ರೇನೋ, ನಾನೇ ತಡ ಮಾಡ್ಬಿಟ್ನಾ?" ಎಂದು ಅತ್ತಳು. ಮಾತ್ರೆ ವಿಷಯ ನಿನಗೇ ಗೊತ್ತಂತೆ, ಭಾನುವಾರ ಬಂದಾಗ ನಿನ್ನನ್ನೇ ಕೇಳುತ್ತಾಳಂತೆ. ತಡ ಆಗ್ಲಿಲ್ಲಮ್ಮ ಅನ್ನು. ಬೇರೇನೂ ಹೇಳಬೇಡ.