ಗುರುವಾರದ ಬಾಳೆಎಲೆ

೩ ಫೆಬ್ರುವರಿ ೧೯೭೮, ಶುಕ್ರವಾರ

ಅಂಗಡಿ ತೆಗೆದೆ. ಚಾದರ ಝಾಡಿಸಿದೆ, ಮಡಚಿದೆ, ಮತ್ತೆ ಝಾಡಿಸಿದೆ. ಹತ್ತನೇ ಇಯತ್ತೆ ಮುಗಿದ ಮೇಲೆ ಇದೇ ಬಾಳು. ಕಾಕಾನ ಅಂಗಡಿ, ಕಾಕಾನ ಚಾದರ. ರಾಜದೂತ್ ಮೋಟಾರ್ ಸೈಕಲ್ ಒಂದು ಮಾತ್ರ ನನ್ನದು... ಅದರ ಪ್ಲಗ್ಗು ಮತ್ತೆ ಕಪ್ಪಾಗಿದೆ.

ಮಧ್ಯಾಹ್ನ ವಿಜಾಪುರ ರಸ್ತೆಯ ಗೋದಾಮಿನಲ್ಲಿ ಅನಾಹುತ. ಪೊಲೀಸ್ ಹವಾಲ್ದಾರ ತುಳಜಾಬಾಯಿ ತನಿಖೆಗೆ ಬಂದಿದ್ದರು. ಕಾಕಾನ ಮನೆಯಲ್ಲಿ ಕೆಲಸಕ್ಕಿದ್ದ ದ್ರೌಪದಿ ಕಾಣೆಯಾಗಿದ್ದಾಳಲ್ಲ, ಅವಳ ಅಪ್ಪ ಕೊಟ್ಟ ದೂರಿಗೆ. ಸಂಕ್ರಾಂತಿ ಮುಗಿದ ವಾರ ನಾನು ಮಾಲು ಹಾಕಲು ಹುಬ್ಬಳ್ಳಿಗೆ ಹೋಗಿದ್ದೆ. ಬರುವಷ್ಟರಲ್ಲಿ ಹುಡುಗಿ ಇಲ್ಲ. 'ಯಾರ ಜೋಡಿನೋ ಓಡಿಹೋಗ್ಯಾಳ' ಎಂದು ಕಾಕಾನ ಹೆಂಡತಿ ಲೀಲಾಬಾಯಿ ಕಾಕು ಓಣಿಗೆಲ್ಲ ಹೇಳಿದ್ದಾಳೆ. ಹದಿಮೂರರ ಹುಡುಗಿ. ಯಾರ ಜೋಡಿ?

ಹವಾಲ್ದಾರ ಬಾಯಿ ಚಾದರದ ಗಠ್ಠಾಗಳ, ದೊಡ್ಡ ಮೂಟೆಗಳ, ಹಿಂದೆ ಇಣುಕಿದ್ದೇ ತಡ, ಮೇಲಿನದೊಂದು ಜಾರಿ ಬಿತ್ತು. ಒಂದು ಗಠ್ಠಾ ಎತ್ತಲು ಇಬ್ಬರು ಆಳು ಬೇಕು. ಬಾಯಿ ಪಕ್ಕಕ್ಕೆ ಹಾರಿದರು. ತಲೆ ಉಳಿಯಿತು, ಭುಜ ಉಳಿಯಲಿಲ್ಲ. ಮೇಲೆ ನಿಂತಿದ್ದವನು ಕಾಕಾನ ದಿವಾಣಜಿ ಭೀಮಶಾ. 'ಹಗ್ಗ ಹರೀತ್ರಿ, ಹಗ್ಗ ಹರೀತು!' ಎಂದು ಕೂಗಿದ.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನೆಲದ ಮೇಲಿಂದಲೇ ಬಾಯಿ ಗದರಿದರು: 'ಏ ಬೆಲ್‌ಬಾಟಮ್! ನಾಟಕ ನೋಡಾಕ ಬಂದೀ ಏನ? ಟಾಂಗಾ ತರು.'

ಅವರನ್ನು ಕಳಿಸಿ ಬಂದು ಹಗ್ಗ ನೋಡಿದೆ. ಹರಿದಿರಲಿಲ್ಲ. ಗಂಟು ಬಿಚ್ಚಿತ್ತು.

೫ ಫೆಬ್ರುವರಿ, ಭಾನುವಾರ

ಕಾಕಾ ಕರೆಸಿದ. ಮನೆ ತುಂಬ ಸುಣ್ಣದ ವಾಸನೆ. ಮಗಳು ಸಾವಿತ್ರಿಯ ಲಗ್ನ ೨೬ಕ್ಕೆ. ಬೀಗರು ದೊಡ್ಡ ಮನೆತನ. ದಿನಕ್ಕೆ ಹತ್ತು ಸಲ ಅದೇ ಮಾತು.

'ನಾಗ್ಯಾ, ಆ ಹವಾಲ್ದಾರ ಬಾಯಿಗಿ ನಮ್ಮ ಗೋದಾಮಿನಾಗ ಪೆಟ್ಟಾತು. ನಾಳೆ ನಾಕ ಮಂದಿ ನಮಗs ಅಂತಾರ. ನಿನ್ನ ಗಾಡಿ ಮ್ಯಾಲೆ ಎಲ್ಲಿ ಹೋಗು ಅಂತಾಳ, ಕರಕೊಂಡ ಹೋಗು.'

'ಹೂಂ.'

'ಸಂಜಿಕಿ ಬಂದು ಎಲ್ಲೆಲ್ಲಿ ಹೋಗಿದ್ರಿ, ಏನೇನ ಕೇಳಿದ್ಲು, ನನಗ ಹೇಳು.'

ಸೇವೆಯ ಹೆಸರಿನಲ್ಲಿ ಚಾಡಿ. ಸಿಟ್ಟು ಬಂತು. ಆದರೂ ಹೂಂ ಎಂದೆ. ಅಪ್ಪ ಸತ್ತಾಗಿನಿಂದ ಅವ್ವನೂ ನಾನೂ ಅಂಗಡಿಯ ಮಾಳಿಗೆಯಲ್ಲಿ ಅವನ ನೆರಳಿನಲ್ಲೇ ಇದ್ದೇವೆ.

೭ ಫೆಬ್ರುವರಿ, ಮಂಗಳವಾರ

ದ್ರೌಪದಿಯ ಊರು ಚಪಳಗಾಂವಕ್ಕೆ ಹೋದೆವು. ಬಾಯಿಯ ಎಡಗೈ ಕೊರಳಿಗೆ ಕಟ್ಟಿದೆ. ಪ್ರತಿ ತಗ್ಗಿಗೂ ಹಿಂದಿನಿಂದ ಬೈಗುಳ. ಬಾಯಿ ನಮ್ಮ ಕಡೆಯವರೇ, ಮೈಂದರ್ಗಿಯವರು. ಬೈಗುಳವೂ ಶುದ್ಧ ನಮ್ಮದೇ.

'ರಜಾ ತಗೋಬಾರದಾಗಿತ್ತೇನ್ರಿ ಬಾಯಾರ?'

'ಆ ಪೋರಿ ಎಲ್ಲಿ ಐತಿ ಗೊತ್ತಾಗಲಿ, ತಗೋತೀನಿ. ನೀ ಮುಂದ ನೋಡು. ಆ ಪ್ಯಾಂಟ ಚೈನಿನಾಗ ಸಿಕ್ಕೀತು.'

ದ್ರೌಪದಿಯ ಅಪ್ಪ ಧರೆಪ್ಪ ಕುರಿ ಕಾಯುವವನು. ಬೀರೋಬಾನ ಭಕ್ತ, ಹಣೆ ತುಂಬ ಭಂಡಾರದ ಹಳದಿ. ತಾಯಿ ಮುಕ್ತಾಬಾಯಿ ನನ್ನನ್ನೇ ನೋಡಿದಳು.

'ನೀ ಅವ್ರ ಮನಿ ಹುಡುಗ ಅಲ್ಲೇನಪ್ಪ? ಸಾಲಿಗಿ ಹಾಕ್ತೀನಿ, ಮಗಳಂಗ ಇಟ್ಕೋತೀನಿ ಅಂತ ಸಾವಕಾರ್ರು ಕರಕೊಂಡ ಹೋದ್ರು. ನಮ್ಮ ದುರ್ಪಿ ಸಾಲಿಗಿ ಹೋಗೂದು ನೀ ನೋಡೀಯೇನ?'

ನೋಡಿದ್ದೆ... ಭಾಂಡೆ ತಿಕ್ಕುವುದನ್ನು. ನೀರು ಹೊರುವುದನ್ನು. ಪಾಟಿಚೀಲ ಒಮ್ಮೆಯೂ ನೋಡಿರಲಿಲ್ಲ. ಆ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೆ! ಒಂದು ಸಲವೂ ಕೇಳಿರಲಿಲ್ಲ.

ಸಂಜೆ ಕಾಕಾ ಕೇಳಿದ. 'ಪಂಕ್ಚರ್ ಆತು, ಎಲ್ಲೂ ಹೋಗಲಿಲ್ಲ' ಎಂದೆ.

೯ ಫೆಬ್ರುವರಿ, ಗುರುವಾರ

ಕಾಕು ಬಾಳೆಎಲೆ ತರಲು ಓಡಿಸಿದಳು. ಹೋದ ಗುರುವಾರವೂ ನಾನೇ ತಂದದ್ದು. ಈಗ ಪ್ರತಿ ಗುರುವಾರ ಅಕ್ಕಲಕೋಟದ ಸ್ವಾಮಿ ದರ್ಶನವಂತೆ. ಭೀಮಶಾ ಮೋಟಾರಿನಲ್ಲಿ ಕರೆದೊಯ್ಯುತ್ತಾನೆ. ಮೊದಲೆಲ್ಲ ವರ್ಷಕ್ಕೊಮ್ಮೆ ಹೋದರೆ ಹೆಚ್ಚು.

'ಉಣ್ಣೂ ಎಲಿ ಅಲ್ಲೋ. ಎಳೀವು ತಗೊಂಡ ಬಾ, ಸುಳಿ ಅಂಥಾವು. ಎಲ್ಲೂ ಹರಿದಿರಬಾರದು.'

ಎಲೆ ಮಾರುವವಳು ನಕ್ಕಳು: 'ಇಷ್ಟ ಎಳೀದರ ಮ್ಯಾಲ ಯಾರ ಉಣ್ತಾರೋ ತಮ್ಮಾ? ಸಾರ ಹಾಕಿದ್ರ ಅದs ಕುದ್ದ ಹೋಗ್ತದ.'

ದೇವರಿಗೆ ಎಂದೆ. ಪುಣ್ಯದ ಕೆಲಸಕ್ಕೂ ನಾನೇ ಆಳು.

೧೪ ಫೆಬ್ರುವರಿ, ಮಂಗಳವಾರ

ಅಂಗಡಿ ಬೇಗ ಮುಚ್ಚಿ ಬರೆಯುತ್ತಿದ್ದೇನೆ.

ಧರೆಪ್ಪ ಊರಿನ ನಾಲ್ವರು ಹಿರಿಯರನ್ನು ಕರೆದುಕೊಂಡು ಕಾಕಾನ ಪಡಸಾಲೆಗೆ ಬಂದ. ತುಳಜಾಬಾಯಿಯೂ ಬಂದಿದ್ದರು. ಅವನು ಸೊಂಟದ ಚೀಲ ಬಿಚ್ಚಿ ಕಂಬಳಿಯ ಮೇಲೆ ಭಂಡಾರ ಸುರಿದ.

'ಸಾವಕಾರ್ರ, ನನಗ ಕಚೇರಿ ತಿಳಿಯಂಗಿಲ್ಲ. ಬೀರೋಬಾ ತಿಳೀತಾನ. ನನ್ನ ಮಗಳು ಎಲ್ಲಿ ಅದಾಳ ನಿಮಗ ಗೊತ್ತಿಲ್ಲಂದ್ರ ಈ ಭಂಡಾರ ಎತ್ತರಿ.'

ನಾನು ಕಾಕಾನ ಮುಖ ನೋಡಿದೆ. ಒಂದು ಗೆರೆ ಅಲುಗಲಿಲ್ಲ. ಬಗ್ಗಿದ, ಮುಷ್ಟಿ ತುಂಬ ಎತ್ತಿದ. 'ಬೀರೋಬಾನ ಆಣಿ, ನನಗ ಗೊತ್ತಿಲ್ಲ.'

ಅಷ್ಟೇ. ಧರೆಪ್ಪ ಅವನ ಕಾಲು ಮುಟ್ಟಿದ! 'ಸಂಶೆ ಪಟ್ಟೆ, ತಪ್ಪಾತು' ಎಂದ. ಭಂಡಾರ ಎತ್ತಿದ ಮೇಲೆ ಯಾರೂ ಸುಳ್ಳು ಹೇಳುವುದಿಲ್ಲವಂತೆ. ದೂರು ವಾಪಸ್ ಎಂದು ಹೆಬ್ಬೆಟ್ಟೂ ಒತ್ತಿಕೊಟ್ಟ.

'ಧರೆಪ್ಪಾ, ನಿನಗದು ದೇವ್ರು. ಆ ಮನುಷ್ಯಾಗ ಏನು, ಯಾರಿಗಿ ಗೊತ್ತು?' ತುಳಜಾಬಾಯಿ ಎದ್ದು ನಿಂತೇ ಕೇಳಿದರು.

'ದೇವ್ರು ಎಲ್ಲಾರಿಗೂ ದೇವ್ರs ರಿ ಬಾಯಾರ.'

ಎಲ್ಲರೂ ಹೋದ ಮೇಲೆ ಕಾಕಾ ಹಿತ್ತಲಿನ ಮೋರಿಗೆ ಬಂದ. ಕೈಗೆ ನೀರು ಹಾಕಿದವನು ನಾನು. ಹಳದಿ ನೀರು ಹರಿಯಿತು. ಭೀಮಶಾನ ಕಡೆ ತಿರುಗಿ ನಕ್ಕ: 'ಅರಿಷಿಣ ಪುಡಿ. ಸಾಬಾಣಕ್ಕ ಹೋಗ್ತದ.'

ತಂಬಿಗೆಯನ್ನು ಅವನ ತಲೆಯ ಮೇಲೆ ಕುಕ್ಕಬೇಕಿತ್ತು.

೧೮ ಫೆಬ್ರುವರಿ, ಶನಿವಾರ, ಮಧ್ಯಾಹ್ನ ಎರಡು

ಸಿವಿಲ್ ಆಸ್ಪತ್ರೆಯ ಹೊರಗೆ ಗಾಡಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಠಾಣೆಯ ಸಾಹೇಬರು ಕೇಸ್ ಬಂದ್ ಮಾಡಿದರು. ದೂರೇ ಇಲ್ಲ, ಹೋಗಿ ಭುಜ ನೋಡಿಕೋ ಎಂದು ಬಾಯಿಗೆ ಹೇಳಿದರಂತೆ. ಕಾಕಾನೂ 'ಗಾಡಿ ಸಾಕು' ಎಂದಿದ್ದ. ಆದರೂ ಬಾಯಿಯನ್ನು ಪಟ್ಟಿ ಬದಲಿಸಲು ನಾನೇ ಕರೆತಂದೆ. ಕಾಯುತ್ತ ಅಡ್ಡಾಡಿದೆ. ಪಕ್ಕದ ವಾರ್ಡಿನ ಬಾಗಿಲು ತೆರೆದಿತ್ತು. ಒಬ್ಬ ಹೆಂಗಸು ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದಳು. ಮೈ ಕೆಳಗೆ ಹಸಿರು. ಎಳೆ ಬಾಳೆಎಲೆ.

'ಸಿಸ್ಟರ್, ಅದ್ಯಾಕ?'

'ಸುಟ್ಟ ಪೇಶಂಟ. ಅರಿಬಿ ಹಾಸಿದ್ರ ಚರ್ಮಕ್ಕ ಹತ್ತಕೊಂಡ ಕಿತ್ತ ಬರ್ತದ. ಇದು ಹತ್ತಂಗಿಲ್ಲ. ಎಳೀದು ಇರಬೇಕು, ಹರಿದಿರಬಾರದು.'

ಹರಿದಿರಬಾರದು. ಕಾಕುವಿನ ಬಾಯಿಂದ ಬಂದ ಅದೇ ಮಾತು.

ಬಾಯಿ ಹೊರಗೆ ಬಂದರು. ಹೇಳಿದೆ. ಗುರುವಾರ, ಎಲೆ, ಅಕ್ಕಲಕೋಟದಲ್ಲಿ ಖಾಲಿ ಬಿದ್ದಿರುವ ನಮ್ಮ ಹಳೆಯ ವಾಡೆ, ದೊಡ್ಡ ಮನೆ. ಪೂರ್ತಿ ಕೇಳಲೂ ಇಲ್ಲ. 'ಗಾಡಿ ತಿರಗಸು' ಎಂದು ಔಷಧದ ಚೀಟಿ ತರಲು ಮತ್ತೆ ಒಳಗೆ ಹೋಗಿದ್ದಾರೆ.

ಅದೇ ದಿನ, ಸಂಜೆ

ವಾಡೆಗೆ ಹೊರಗಿನಿಂದ ಕೀಲಿ. ಒಳಗೆ ಸದ್ದಿಲ್ಲ.

'ದೂರಿಲ್ಲ, ವಾರಂಟ ಇಲ್ಲ. ನಾ ಈಗ ರಜಾದ ಮ್ಯಾಲ ಇರೂ ಹೆಂಗಸು' ಎಂದರು ಬಾಯಿ. 'ಈ ವಾಡೆ ಯಾರದು?'

'ಕಾಕಾಂದು... ಮುತ್ಯಾ ಕಟ್ಟಿಸಿದ್ದು.'

'ವಾಟ್ನಿ ಆಗ್ಯಾದೇನ, ಆಸ್ತಿ ಪಾಲು?'

'ಇಲ್ಲರಿ. ಇನ್ನೂ ಕೂಡೇ ಅದ.'

'ಅಂದ್ರ ನಿಮ್ಮಪ್ಪಂದೂ ಹೌದು, ನಿಂದೂ ಹೌದು. ನಿನ್ನ ಮನಿ ಕೀಲಿ ನೀ ಒಡದ್ರ ಯಾವ ಕಾಯ್ದೆ ಕೇಳತದ? ಕಲ್ಲ ತಗೋ.'

ಒಡೆದೆ. ಹುಟ್ಟಿದಾಗಿನಿಂದ ಆ ಮನೆತನದ ಯಾವುದೂ ನನ್ನದು ಅನಿಸಿರಲಿಲ್ಲ. ಇವತ್ತು ಅನಿಸಿತು.

ಒಳಕೋಣೆಯಲ್ಲಿ ಕತ್ತಲು, ಕೊಳೆತ ವಾಸನೆ. ದುರ್ಪಿ ಬೋರಲು ಮಲಗಿದ್ದಳು. ಬೆನ್ನು, ಬಲಗೈ... ಬರೆಯಲಾರೆ. ಬೆನ್ನ ಮೇಲೂ ಕೈ ಕೆಳಗೂ ಗುರುವಾರದ ಎಲೆ, ಕಪ್ಪಾಗಿ ಸುರುಟಿತ್ತು. ನೀರಿನ ತಂಬಿಗೆ ಕೈಗೆ ಎಟುಕದಷ್ಟು ದೂರ. ನಾನು ತಂದ ಎಲೆ ಅದು.

ಕತ್ತು ತಿರುಗಿಸಿ ನನ್ನನ್ನು ಗುರುತಿಸಿದಳು.

'ಅಣ್ಣಾ... ಸಾವಿತ್ರಿಕ್ಕನ ಲಗ್ನ ಆತೇನ?'

ನನಗೆ ಅರ್ಥವಾಗಲಿಲ್ಲ.

'ಲಗ್ನ ಆದ ಮ್ಯಾಲ ಊರಿಗಿ ಕಳಸ್ತೀನಿ ಅಂದಾರ. ಅಲ್ಲೀತನಾ ಒದರಬ್ಯಾಡ ಅಂದಾರ. ನಾ ಒದರಿಲ್ಲ ಅಣ್ಣಾ.'

ತುಳಜಾಬಾಯಿ ಒಂದೇ ಕೈಯಲ್ಲಿ ನೀರು ಕುಡಿಸುತ್ತಿದ್ದರು. ತಲೆ ಎತ್ತಲಿಲ್ಲ.

೨೦ ಫೆಬ್ರುವರಿ, ಸೋಮವಾರ

ದುರ್ಪಿಯನ್ನು ಶನಿವಾರ ರಾತ್ರಿಯೇ ಸಿವಿಲ್ ಆಸ್ಪತ್ರೆಗೆ ಸೇರಿಸಿದೆವು. ಜೀವಕ್ಕೆ ಧೋಕಾ ಇನ್ನೂ ಪೂರ್ತಿ ಕಳೆದಿಲ್ಲ, ಕೈ ಮಡಚಲು ಬರುವುದು ಕಷ್ಟ ಎಂದರು ಡಾಕ್ಟರ್. ಆ ದಿನವೇ ತಂದಿದ್ದರೆ ಇಷ್ಟು ಆಗುತ್ತಿರಲಿಲ್ಲವಂತೆ.

ಆಗಿದ್ದು ಇಷ್ಟು. ಬೀಗರು ಸಾವಿತ್ರಿಯನ್ನು ನೋಡಲು ಬರುವವರಿದ್ದರು. ಚಹಾಕ್ಕೆಂದು ದುರ್ಪಿ ಪಂಪ್ ಹೊಡೆಯುವಾಗ ಸ್ಟೋವ್ ಭಗ್ಗೆಂದಿತು, ಬಟ್ಟೆಗೆ ಹತ್ತಿದ ಬೆಂಕಿ ಬೆನ್ನಿಗೇರಿತು. ಲಗ್ನದ ಮನೆಯಲ್ಲಿ ಹುಡುಗಿ ಸುಟ್ಟಳು ಎಂದು ಸುದ್ದಿಯಾದರೆ ಸಂಬಂಧ ಮುರಿಯುತ್ತದೆ. ಅದಕ್ಕೆ ಆಸ್ಪತ್ರೆ ಬೇಡ, ವಾಡೆ ಸಾಕು. ಒಂದು ಲಗ್ನಕ್ಕೆ ಒಂದು ಜೀವ ಒತ್ತೆ!

ಕಾಕಾ ಮಾಳಿಗೆ ಹತ್ತಿ ಬಂದಿದ್ದ. ಕೂಗಾಡಲಿಲ್ಲ. ಅದೇ ಹೆಚ್ಚು ಉರಿಯಿತು.

'ನಾವೇನ ಕೊಂದೇವೇನ? ಔಷಧ ಮಾಡಿಲ್ಲೇನ? ವಾರದಾಗ ಎಲ್ಲಾ ಸುಸೂತ್ರ ಆಗ್ತಿತ್ತು. ತಂಗಿ ಲಗ್ನಾ ಮುರೀಬೇಕಂತ ಮಾಡೀಯೇನ?'

'ಮತ್ತ ಹಗ್ಗ ಯಾಕ ಬಿಚ್ಚಿಸಿದಿ ಕಾಕಾ?'

ಅವ್ವನ ಕಡೆ ತಿರುಗಿದ: 'ವೈನಿ, ಮಾಳಗಿ ಖಾಲಿ ಮಾಡ್ರಿ.'

೨೬ ಫೆಬ್ರುವರಿ, ಭಾನುವಾರ, ಬೆಳಿಗ್ಗೆ

ಐದು ದಿನ ಪೆನ್ನು ಮುಟ್ಟಲಿಲ್ಲ. ಆಸ್ಪತ್ರೆಯಲ್ಲೇ ಇದ್ದೆ. ದುರ್ಪಿ ನಿನ್ನೆ ಗಂಜಿ ಕುಡಿದಳು. ಮತ್ತೆ ಅದನ್ನೇ ಕೇಳಿದಳು, ಲಗ್ನ ಆಯಿತೇ ಎಂದು.

ಪೊಲೀಸರು ಅವಳ ಜಬಾನಿ ಬರೆದುಕೊಂಡಿದ್ದಾರೆ. ಹೊಸ ದೂರೂ ಆಗಿದೆ. ಆದರೆ ಸಾಹೇಬರು ಹೇಳಿದ್ದು: ಮರ್ಯಾದಸ್ಥರ ಮನೆ, ಲಗ್ನ ಆಗುವವರೆಗೆ ಹಿಡಿಯಬೇಡಿ. ಮರ್ಯಾದಸ್ಥರು! ಲಗ್ನ ಆಗುವವರೆಗೆ ಎಂದು ದುರ್ಪಿಗೂ ಹೇಳಿದ್ದರು.

ತುಳಜಾಬಾಯಿ ಈಗ ಕೆಳಗೆ ನಿಂತಿದ್ದಾರೆ. ಖಾಕಿ ಸೀರೆ, ಕೈ ಇನ್ನೂ ಕೊರಳಿಗೆ.

'ಲಗ್ನ ಆಗೂತನಾ ಅಂದಾರ ಸಾಹೇಬ್ರು. ಅಕ್ಷತಾ ಬಿದ್ದಮ್ಯಾಲ ಲಗ್ನ ಆದಂಗs. ನಾ ಮಂಟಪದ ಬಾಗಲಾಗ ನಿಂದರ್ತೀನಿ. ಆ ಹುಡುಗಿ ಕೊರಳಿಗಿ ತಾಳಿ ಬೀಳಲಿ. ಅಕಿದೇನ ತಪ್ಪು?'

ಧರೆಪ್ಪನೂ ಬಂದಿದ್ದಾನೆ. ಅಳುವುದಿಲ್ಲ, ಬೈಯುವುದಿಲ್ಲ. ಸೊಂಟದಲ್ಲಿ ಭಂಡಾರದ ಚೀಲ.

'ಎಲ್ಲಾರ ಮುಂದ ಎತ್ತಿದ್ರು' ಎಂದ. 'ಅವ್ರ ಬೀಗರ ಮುಂದ ಮತ್ತೊಮ್ಮಿ ಎತ್ತಲಿ. ಅಷ್ಟ ಕೇಳಾಂವ.'

ನಾನೇ ಒಯ್ಯುತ್ತೇನೆ ಎಂದೆ. ಒಂದು ಗಾಡಿ, ಮೂವರು. ಹಿಡಿಯುವುದಾದರೆ ಮೊದಲು ನಮ್ಮನ್ನೇ ಹಿಡಿಯಬೇಕು ಎಂದು ಬಾಯಿ ನಕ್ಕರು. ಕಿಕ್ ಹೊಡೆದೆ, ಹತ್ತಲಿಲ್ಲ. ಪ್ಲಗ್ಗು. ಬಿಚ್ಚಿ ಒರೆಸಿ ಕಟ್ಟೆಯ ಬಿಸಿಲಿಗೆ ಇಟ್ಟಿದ್ದೇನೆ. ಅದು ಒಣಗುವತನಕ ಇದು.

ಅವ್ವ ಪೆಟ್ಟಿಗೆ ಕಟ್ಟುತ್ತಿದ್ದಾಳೆ. ಲಗ್ನಕ್ಕೆಂದು ತಂದಿದ್ದ ಹೊಸ ಸೀರೆಯನ್ನು ತೆಗೆದಿಟ್ಟಳು, ಮುಕ್ತಾಬಾಯಿಗೆ ಕೊಡು ಎಂದಳು.

ಸಂಜೆ ದುರ್ಪಿಗೆ ಹೇಳಬೇಕು, ಹೂಂ, ಆಯಿತು ಎಂದು. ಇನ್ನು ಎಷ್ಟು ಬೇಕಾದರೂ ಒದರು ಎಂದು.

ಲಗ್ನದ ವಾಜಂತ್ರಿಯ ಸದ್ದು ಇಲ್ಲಿಯವರೆಗೆ ಕೇಳುತ್ತಿದೆ. ಬಾಯಿ ಕರೆಯುತ್ತಿದ್ದಾರೆ, 'ಏ ಬೆಲ್‌ಬಾಟಮ್...' ಪ್ಲಗ್ಗು ಒಣಗಿದೆ. ಧರೆಪ್ಪ ಚೀಲದ ಬಾಯಿ ಬಿಚ್ಚಿ, ಹಿಂದಿನ ಸೀಟಿನಲ್ಲಿ ಕೂರುವ ಮುಂಚೆ, ಗಾಡಿಯ ಹೆಡ್‌ಲೈಟಿಗೆ ಒಂದು ಚಿಟಿಕೆ ಭಂಡಾರ ಹಚ್ಚುತ್ತಿದ್ದಾನೆ.