ಆಯಿಲ್ ಮೀಟರಿನ ಮುಳ್ಳು

೧೭ ಸೆಪ್ಟೆಂಬರ್ ೧೯೭೮, ಭಾನುವಾರ

ಎಂದಿನಂತೆ ಗಾಡಿಯ ಇಂಜಿನ್ನಿನಿಂದ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮತ್ತೆ ಕಮ್ಮಿ. ಬಟ್ಟೆಗೆ ಒರೆಸಿ ಎರಡನೇ ಸಲ ನೋಡಿದೆ. ಅಷ್ಟೇ. ಹೋದ ವಾರ ನಾನೇ ಕೈಯಾರೆ ಸುರಿದದ್ದು. ಎಲ್ಲಿಗೆ ಹೋಗುತ್ತದೆ?

ನನ್ನ ಕ್ಯಾಂಟೀನಿಗೆ ತರಕಾರಿ ತರಲು ಕಲ್ಯಾಣ್ ಮಾರ್ಕೆಟಿಗೆ ದಿನಾ ಗಾಡಿ ಒಯ್ಯುವವನು ಜಯಶೀಲ ಒಬ್ಬನೇ. ನಳಿನಾಕ್ಷಿಯ ತಮ್ಮ. ಹೆಂಡತಿಯ ತಮ್ಮನೆಂದ ಮೇಲೆ ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ.

ಗಾಡಿ ಹಳೆಯದು, ಒಪ್ಪುತ್ತೇನೆ. ಐವತ್ತಾರರ ಫಿಯೆಟ್. ಡೊಂಬಿವಲಿಯ ಮಕ್ಕಳು 'ಡುಕ್ಕರ್ ಫಿಯೆಟ್' ಎಂದು ಕೂಗುತ್ತಾರೆ. ಹಂದಿಯಂತೆ! ಕೂಗಲಿ. ಹೋಟೆಲಲ್ಲಿ ಪ್ಲೇಟು ತೊಳೆದವನು ಸ್ವಂತಕ್ಕೆ ಕೊಂಡ ಹಂದಿ ಇದು. ಒಮ್ಮೆ ಆಯಿಲ್ ಇಲ್ಲದೆ ಇಂಜಿನ್ ಸೀಜ್ ಆಗಿ ಮಳೆಗಾಲ ಪೂರ್ತಿ ಗ್ಯಾರೇಜಿನಲ್ಲಿ ಕೂತಿತ್ತು. ಇನ್ನೊಮ್ಮೆ ಹಾಗಾದರೆ ನನ್ನಿಂದ ತಡೆಯಲಿಕ್ಕಾಗದು. ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಉಂಟು — ಆಯಿಲ್ ಪೂರ್ತಿ ಹೋದ ಮೇಲೆ ಉರಿಯುತ್ತದೆ. ಕಳ್ಳ ಹೋದ ಮೇಲೆ ಬೊಗಳುವ ನಾಯಿ.

ಮೀಟರ್ ಹಾಕಿಸಬೇಕು. ಮುಳ್ಳು ಇರುವಂಥದ್ದು.

೨೪ ಸೆಪ್ಟೆಂಬರ್

ಹಾಕಿಸಿದೆ. ಶೀಲ್ ಫಾಟಾದ ಸಿದ್ರಾಮನ ಗ್ಯಾರೇಜಿನಲ್ಲಿ. ಗುಲ್ಬರ್ಗಾ ಕಡೆಯವನು, ಒಳ್ಳೆಯ ಮೆಕ್ಯಾನಿಕ್ ಎಂದು ಹೆಸರು. ಮೀಟರ್ ಯಾವುದೋ ಹಳೆ ಜೀಪಿನದು, ಕುರ್ಲಾ ಗುಜರಿಯಲ್ಲಿ ನಾನೇ ಹುಡುಕಿ ತಂದದ್ದು. ಇಂಜಿನ್ನಿನ ಪಕ್ಕದಿಂದ ಸಪೂರ ತಾಮ್ರದ ಪೈಪ್ ಎಳೆದು ಸ್ಟೇರಿಂಗಿನ ಕೆಳಗೆ ತಂದ. ಆಯಿಲ್ ಆ ಪೈಪಿನಲ್ಲೇ ಹತ್ತಿ ಬಂದು ಮುಳ್ಳನ್ನು ನೂಕುತ್ತದೆ. ಸ್ಟಾರ್ಟ್ ಮಾಡಿದೆ. ಮುಳ್ಳು ಚಂಗನೆ ಅರವತ್ತಕ್ಕೆ ಹಾರಿತು. ಎಷ್ಟು ಖುಷಿಯಾಯಿತೆಂದರೆ... ಹೋಗಲಿ.

ಸಿದ್ರಾಮ ಅಂದ: "ಗಾಡಿ ಗರಂ ಆದಮ್ಯಾಲ ಮುಳ್ಳ ಇಳೀತದ್ರಿ ಸಾವ್ಕಾರ್ರ. ಎಣ್ಣಿ ತೆಳ್ಳಗಾಗಿ ಒತ್ತಡ ಇಳೀತದ, ಎಣ್ಣಿ ಕಮ್ಮಿ ಆಗೂದಲ್ಲ. ಅಂಜಬ್ಯಾಡ್ರಿ. ಮತ್ತ ಹಳೀ ಇಂಜಿನ್, ಒಂದೀಟು ಎಣ್ಣಿ ಸುಡ್ತದ. ಹೊಗಿ ನೀಲಿ ಬರ್ತದ ನೋಡ್ರಿ."

ನಾನು ಕೇಳಿಯೇ ಇರಲಿಲ್ಲ. ಕೇಳದೆ ಯಾಕೆ ಹೇಳಿದ? ಹೇಳಿ ಜಯಶೀಲನ ಮೋರೆ ಯಾಕೆ ನೋಡಿದ? ಆಮೇಲೆ ಇಬ್ಬರೂ ಬದಿಗೆ ಹೋಗಿ ಹಿಂದಿಯಲ್ಲಿ ಮಾತಾಡಿದರು. ಇಬ್ಬರಿಗೂ ಕನ್ನಡ ಬರುತ್ತದಲ್ಲ, ಹಿಂದಿ ಯಾಕೆ?

೨೮ ಸೆಪ್ಟೆಂಬರ್, ಬೆಳಿಗ್ಗೆ

ನಾನು ಸ್ಟಾರ್ಟ್ ಮಾಡಿ ಕೊಟ್ಟಾಗ ಅರವತ್ತು. ಜಯಶೀಲ ಮಾರ್ಕೆಟಿನಿಂದ ಬಂದು ಇನ್ನೂ ಇಂಜಿನ್ ಬಂದ್ ಮಾಡಿರಲಿಲ್ಲ, ಓಡಿ ಹೋಗಿ ಇಣುಕಿದೆ — ಹದಿನೈದು! ಉಳಿದ ನಲವತ್ತೈದು ಎಲ್ಲಿ?

ಗರಂ ಆದರೆ ಇಳಿಯುತ್ತದಂತೆ. ಕುದಿದರೆ ಸಾರು ಇಳಿಯುತ್ತದೆ ಎಂದು ನನ್ನ ಹಳೆಯ ಅಡುಗೆಯವನೂ ಹೇಳುತ್ತಿದ್ದ. ಹೇಳುತ್ತಲೇ ಬಕೆಟ್ ಬಕೆಟ್ ಸಾರು ಹಿಂಬಾಗಿಲಿನಿಂದ ಮಾರುತ್ತಿದ್ದ. ನನ್ನ ಕಿವಿಗೆ ಹೂ ಇಡಲಿಕ್ಕೆ ಬರಬೇಡಿ.

ಮೀಟರಿನ ಹಿಂದೆ ಕೈ ಹಾಕಿದೆ. ಪೈಪಿನ ನಟ್ಟಿನ ಹತ್ತಿರ ಜಿಡ್ಡು. ಯಾರೋ ಬಿಚ್ಚಿ ಹಾಕಿದ್ದಾರೆ, ಬೇರೇನು. ನಟ್ಟು ತಿರುಗಿಸುವ ಪಾನಾ ತಂದು ಬಿಗಿ ಮಾಡಿದೆ. ಪಾನಾ ಇನ್ನು ಡಿಕ್ಕಿಯಲ್ಲಿ ಬೇಡ, ನನ್ನ ಜೇಬಿನಲ್ಲಿರಲಿ.

೩ ಅಕ್ಟೋಬರ್

ಮತ್ತೆ ಜಿಡ್ಡು. ಮತ್ತೆ ಬಿಗಿ ಮಾಡಿದೆ. ಜಯಶೀಲ ನೋಡಿದ. "ಎಂತ ಭಾವ, ಸಿದ್ರಾಮನಿಗೆ ಒಮ್ಮೆ ತೋರಿಸುವನಾ?"

ಎಷ್ಟು ಅವಸರ ನೋಡಿ ಸಿದ್ರಾಮನ ಹತ್ತಿರ ಹೋಗಲಿಕ್ಕೆ! ಬೇಡ ಅಂದೆ.

೬ ಅಕ್ಟೋಬರ್

ಹೊಸ ಸಂಗತಿ. ಹುಡುಗ ಈಗ ತಡವಾಗಿ ಬರುತ್ತಾನೆ. ತರಕಾರಿಗೆ ಕಾದು ಕಾದು ಅಡುಗೆಯ ಧರ್ಮಪಾಲ ನನ್ನ ಮೇಲೆ ರೇಗುತ್ತಾನೆ. ಆದರೆ ಮುಳ್ಳು? ಮೂವತ್ತು, ಮೂವತ್ತೈದು! ನಾನು ಕಣ್ಣಿಟ್ಟ ಮೇಲೆ ಏರಿದೆ. ಇದಕ್ಕಿಂತ ಸಾಕ್ಷಿ ಬೇಕೇ? ಕದಿಯುವುದು ಕಮ್ಮಿ ಮಾಡಿದ್ದಾನೆ.

ತಡ ಯಾಕೆ ಅಂದರೆ "ಟ್ರಾಫಿಕ್ ಭಾವ" ಅನ್ನುತ್ತಾನೆ. ಶೀಲ್ ರಸ್ತೆಯಲ್ಲಿ ಟ್ರಾಫಿಕ್! ಎಮ್ಮೆಗಳದ್ದಿರಬೇಕು.

೧೦ ಅಕ್ಟೋಬರ್, ಆಯುಧಪೂಜೆ

ಗಾಡಿ ತೊಳೆದು ಹೂ ಹಾಕಿದೆವು. ಚಕ್ರದಡಿ ಲಿಂಬೆಹಣ್ಣು. ಜಯಶೀಲ ಭಕ್ತಿಯಿಂದ ಮೀಟರಿನ ಗಾಜಿಗೇ ದೊಡ್ಡ ಕುಂಕುಮ ಇಟ್ಟ. ಸರಿಯಾಗಿ ನಂಬರಿನ ಮೇಲೆ. ಮುಳ್ಳು ಕಾಣುವುದಿಲ್ಲ. ಪಂಚೆಯ ಚುಂಗಿನಿಂದ ಒರೆಸಿದೆ.

"ಪೂಜೆಯ ದಿನವೂ ಅದನ್ನೇ ನೋಡುದಾ ನೀವು?" ಎಂದಳು ನಳಿನಾಕ್ಷಿ. ಎಲ್ಲರೂ ನಕ್ಕರು. ಜಯಶೀಲ ಮಾತ್ರ ನಗಲಿಲ್ಲ. ಮಣೆಯ ಮೇಲೆ ಚೂರಿ, ಸವಟು, ಗಾಡಿಯ ಜ್ಯಾಕ್ ಎಲ್ಲಕ್ಕೂ ಪೂಜೆಯಾಯಿತು. ಪಾನಾ ಜೇಬಿನಿಂದ ತೆಗೆಯಲಿಲ್ಲ.

೧೪ ಅಕ್ಟೋಬರ್

ಸಿಕ್ಕಿಬಿದ್ದ! ಧರ್ಮಪಾಲ ಬಸ್ಸಿನಿಂದ ಕಣ್ಣಾರೆ ನೋಡಿದನಂತೆ. ಶೀಲ್ ರಸ್ತೆಯ ಹುಣಸೆಮರದ ಕೆಳಗೆ ನಮ್ಮ ಗಾಡಿ. ಬಾನೆಟ್ ತೆರೆದಿತ್ತು. ಜಯಶೀಲ ಕಲ್ಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಆಯಿಲ್ ಕೊಳ್ಳುವವನಿಗೆ ಕಾಯುತ್ತಿದ್ದ, ಮತ್ತೆಂತದು?

ನಾಳೆ ಅವನನ್ನು ಕಾಫಿಪುಡಿ ತರಲು ಠಾಣೆ ಪೇಟೆಗೆ ಕಳಿಸುತ್ತೇನೆ. ಅದೇ ಕೊನೆ. ದೀಪಾವಳಿಗೆ ಊರಿಗೆ ಹೋಗು, ವಾಪಸ್ ಬರಬೇಡ ಎಂದು ಹೇಳಿಬಿಡುವುದು. ನಳಿನಾಕ್ಷಿ ಅಳುತ್ತಾಳೆ. ಅಳಲಿ.

ನಟ್ಟನ್ನು ಮೈಭಾರ ಬಿಟ್ಟು ಬಿಗಿ ಮಾಡಿದೆ. ಕಿರ್ ಎಂದಿತು. ಇನ್ನು ಯಾರಪ್ಪನಿಗೂ ಬಿಚ್ಚಲಿಕ್ಕಾಗದು.

೧೬ ಅಕ್ಟೋಬರ್

ನಿನ್ನೆ ಬರೆಯಲಾಗಲಿಲ್ಲ. ಆಸ್ಪತ್ರೆಯಲ್ಲಿದ್ದೆ.

ಠಾಣೆಯಿಂದ ಬರುವಾಗ ಮುಂಬ್ರಾ ದಾಟಿದ ಮೇಲೆ ಮೀಟರಿನ ಹಿಂದೆ ಪೈಪ್ ಒಡೆಯಿತು. ಕುದಿಯುವ ಆಯಿಲ್ ಜಯಶೀಲನ ಬಲಗಾಲಿನ ಮೇಲೆ. ಮಂಡಿಯಿಂದ ಪಾದದವರೆಗೆ ಬೊಬ್ಬೆ. ಆ ಉರಿಯಲ್ಲೂ ಗಾಡಿ ಬದಿಗೆ ತಂದು ಇಂಜಿನ್ ಬಂದ್ ಮಾಡಿದನಂತೆ. ಯಾವನೋ ಪುಣ್ಯಾತ್ಮ ಟ್ರಕ್ಕಿನವನು ಎತ್ತಿಕೊಂಡು ಬಂದ. ಕಾಲಿಗೆ ಅಪಾಯವಿಲ್ಲ ಅಂದರು ಡಾಕ್ಟರ್. ನನ್ನನ್ನು ನೋಡಿದವನೇ ಕೇಳಿದ್ದು: "ಇಂಜಿನ್ ಉಳಿದಿದೆಯಾ ಭಾವ?"

ಹೊರಗೆ ಬೆಂಚಿನ ಮೇಲೆ ನಳಿನಾಕ್ಷಿ ಹೇಳಿದಳು. "ಬಿಸಿ ಗಾಡಿ ತಂದರೆ ಮುಳ್ಳು ಕೆಳಗಿರ್ತದೆ, ಭಾವನ ಮೋರೆ ಸಣ್ಣದಾಗ್ತದೆ ಅಂತ ಹೇಳ್ತಿದ್ದ. ದಾರಿಯಲ್ಲಿ ಬಾನೆಟ್ ಎತ್ತಿ, ತಣಿಯುವವರೆಗೆ ಮರದ ಕೆಳಗೆ ಕೂತು ಬರ್ತಿದ್ದ. ನಿಮಗೆ ಹೇಳ್ಬೇಡ ಅಂದಿದ್ದ."

ಮೂವತ್ತು, ಮೂವತ್ತೈದು. ಮುಳ್ಳು ಏರಿದ್ದು ಇದಕ್ಕೆ.

೧೭ ಅಕ್ಟೋಬರ್

ಗಾಡಿ ಎಳೆಸಿ ತಂದೆ. ಮೊದಲ ಸಲ ಹಿಂದೆ ಹೋಗಿ ನೋಡಿದೆ. ಸೈಲೆನ್ಸರಿನ ಬಾಯಿ ಪೂರ್ತಿ ಜಿಡ್ಡು ಮಸಿ. ಆಯಿಲ್ ಎಲ್ಲಿಗೆ ಹೋಗುತ್ತಿತ್ತೆಂದು ಸಿದ್ರಾಮ ಅಂದೇ ಹೇಳಿದ್ದ.

ನಟ್ಟು ಬಿಚ್ಚಿ ತಂದಿದ್ದೇನೆ. ಆರೂ ಮೂಲೆ ಸವೆದು ದುಂಡಗಾಗಿದೆ. ಪೈಪಿನ ಬಾಯಿ ಜಜ್ಜಿ ಸೀಳಿದೆ. ಬಿಗಿದವನು ನಾನೊಬ್ಬನೇ. ಗಟಾರಕ್ಕೆ ಎಸೆಯಲು ಬಾಗಿಲವರೆಗೆ ಹೋಗಿ ಬಂದೆ.

೧೯ ಅಕ್ಟೋಬರ್, ಸಂಜೆ

ಜಯಶೀಲ ಮನೆಗೆ ಬಂದ. ಕಾಲು ದಿಂಬಿನ ಮೇಲೆ. ಎಲ್ಲರ ಬಾಯಲ್ಲಿ ಒಂದೇ ಮಾತು, ತಪ್ಪು ಸಿದ್ರಾಮನದ್ದು. ನಾಳೆ ಕ್ಯಾಂಟೀನಿನವರೆಲ್ಲ ಹೋಗಿ ಅವನ ಗ್ಯಾರೇಜು ಮುಚ್ಚಿಸುತ್ತಾರಂತೆ, ಧರ್ಮಪಾಲ ಮುಂದಾಳು. ಜಯಶೀಲನೂ ಅಂದ: "ಅವ ಸರಿ ಫಿಟ್ ಮಾಡ್ಲಿಲ್ಲ ಭಾವ. ನೀವು ಪಾಪ, ಅವನನ್ನು ನಂಬಿದಿರಿ."

ನಂಬಿದೆನಂತೆ. ನಾನು! ನಾಚಿಕೆಯಾಗಿ ಎದ್ದು ಒಳಕೋಣೆಗೆ ಬಂದೆ.

ಸ್ವಲ್ಪ ಹೊತ್ತಿನ ಮೇಲೆ

ಸಿದ್ರಾಮ ತಾನಾಗಿಯೇ ಬಂದಿದ್ದಾನೆ. ಕೈಯಲ್ಲಿ ಮೋಸಂಬಿ ಚೀಲ. ಒಳಕೋಣೆಗೆ ಎಲ್ಲ ಕೇಳುತ್ತದೆ. "ಹುಡುಗಗ ಹ್ಯಾಂಗದರಿ ಈಗ?" ಧರ್ಮಪಾಲ ಆಗಲೇ ದನಿ ಏರಿಸಿದ. ಒಳಗೆ ಬಿಡುವುದಿಲ್ಲ ಅನ್ನುತ್ತಿದ್ದಾನೆ.

ಜಯಶೀಲ ಕೂಗುತ್ತಿದ್ದಾನೆ: "ಭಾವ, ಆ ನಟ್ ತನ್ನಿ. ಇವನಿಗೆ ತೋರಿಸುವ."

ಬಂದೆ ಅಂದೆ. ನಟ್ಟೂ ಪಾನಾವೂ ಒಂದೇ ಕೈಯಲ್ಲಿ ಹಿಡಿದಿದ್ದೇನೆ. ಹೊರಗೆ ಹೋಗಿ ಧರ್ಮಪಾಲನನ್ನು ಬದಿಗೆ ಸರಿಸಿ, ಎಲ್ಲರ ಮುಂದೆ ಮೊದಲು ಹೇಳಬೇಕಾದದ್ದು ಒಂದೇ: ಇದನ್ನು ಬಿಗಿದವನು ಸಿದ್ರಾಮ ಅಲ್ಲ, ನಾನು.