ಮುಚ್ಚಳ ಹಾಕುವ ಹೊತ್ತು

ಜುಲೈ ೯, ಮಂಗಳವಾರ

ಐದನೇ ಬಿ. ಗ್ಲಾಸಿನ ತುಂಬ ನೀರು, ಮೇಲೆ ರಟ್ಟು, ತಲೆಕೆಳಗು. ಒಂದು ಹನಿ ಬೀಳಲಿಲ್ಲ. ಕೆಳಗಿನಿಂದ ಗಾಳಿ ಒತ್ತುತ್ತದೆ ಎಂದೆ. ಮುಂದಿನ ಬೆಂಚಿನವಳು, ಎಲ್ಲದಕ್ಕೂ 'ಯಾಕೆ' ಎನ್ನುವ ನಮ್ಮ ಯಾಕಮ್ಮ, ಬಿಡಲಿಲ್ಲ. "ಮತ್ತೆ ನಾವ್ಯಾಕೆ ಅಪ್ಪಚ್ಚಿ ಆಗಲ್ಲ ಮಿಸ್?" ಒಳಗಿನ ಗಾಳಿಯೂ ಹೊರಕ್ಕೆ ಒತ್ತುತ್ತದಲ್ಲ ಎಂದೆ. ಕೆನ್ನೆ ಉಬ್ಬಿಸಿ ಪರೀಕ್ಷೆ ಮಾಡಿಕೊಂಡಳು. ತಲೆ ತಿನ್ನುತ್ತಾಳೆ. ಅವಳು ಬಾರದ ದಿನ ಕ್ಲಾಸು ಸಪ್ಪೆ.

ಜುಲೈ ೧೨, ಶುಕ್ರವಾರ

ತಗಡಿನ ಡಬ್ಬಿ. ಎ ಸೆಕ್ಷನ್‌ಗೆ ಮೊದಲಿನಿಂದ ತೋರಿಸಿದೆ — ತಳದಲ್ಲಿ ಸ್ವಲ್ಪ ನೀರು, ಮುಚ್ಚಳವಿಲ್ಲದೆ ಕಾಯಿಸುವುದು, ಹಬೆ ಬಂದ ಮೇಲೆ ಒಲೆಯಿಂದ ಇಳಿಸಿ ಮುಚ್ಚಳ ಬಿಗಿಯುವುದು, ತಣ್ಣೀರು. ಡಬ್ಬಿ ಮುದ್ದೆ.

ಬಿ ಸೆಕ್ಷನ್‌ಗೆ ಪೀರಿಯಡ್ ಸಾಲದು ಎಂದು ಬ್ರೇಕಿನಲ್ಲೇ ಕಾಯಿಸಿದೆ. ಒಲೆ ಆರಿಸಿ ಅಲ್ಲೇ ಮುಚ್ಚಳ ಬಿಗಿದೆ. ಮಕ್ಕಳು ಬಂದರು, ತಣ್ಣೀರು ಸುರಿದೆ, ಚಪ್ಪಾಳೆ. "ಮನೇಲಿ ಮಾಡ್ಬಹುದಾ ಮಿಸ್?" ದೊಡ್ಡವರು ಜೊತೆಗಿದ್ದರೆ ಮಾಡಿ ಎಂದೆ. ಬೆಲ್ ಆಗಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು.

ಜುಲೈ ೧೩, ಶನಿವಾರ, ಬೆಳಿಗ್ಗೆ

ಕುಕ್ಕರ್ ಸೀಟಿ ಹೊಡೆಯಿತು. ಬಿ ಸೆಕ್ಷನ್‌ನವರು ಕಂಡದ್ದೇನು? ಒಲೆಯ ಮೇಲೆ ಮುಚ್ಚಿದ ಡಬ್ಬಿ. ಮುಚ್ಚಿಯೇ ಕಾಯಿಸಬೇಕು ಎಂದುಕೊಂಡಿರುತ್ತಾರೆ... ಕುಕ್ಕರಿಗಾದರೂ ಹಬೆ ಹೋಗಲು ದಾರಿಯಿದೆ.

ಗಂಡ: "ಮಕ್ಳು ಬೆಲ್ ಆದ್ಮೇಲೆ ಎಲ್ಲಾ ಮರೀತಾರೆ. ಸುಮ್ನೆ ತಲೆ ಕೆಡಿಸ್ಕೋಬೇಡ."

ಯಾಕಮ್ಮ ಮರೆಯುವವಳಲ್ಲ. ಪೋಷಕರ ಗ್ರೂಪಿಗೆ ಮೆಸೇಜ್ ಹಾಕಿದ್ದೇನೆ.

ಅದೇ ದಿನ, ೧೧:೧೫

ಎಲ್ಲರ ಉತ್ತರವೂ ಬಂತು, ಯಾಕಮ್ಮನ ಅಮ್ಮನದು ಬಿಟ್ಟು. ನರ್ಸು ಆಕೆ. ಫೋನ್ ಮಾಡಿ ಮಾಡಿ ಕೊನೆಗೆ ಎತ್ತಿದರು. "ಡ್ಯೂಟಿಲಿದ್ದೆ ಮಿಸ್. ಬೆಳಿಗ್ಗೆ ನಾನು ಹೊರಡೋವರೆಗೂ ಎಣ್ಣೆ ಡಬ್ಬಿ ಖಾಲಿ ಮಾಡ್ಕೊಡು ಅಂತ ಇವಳದು ಒಂದೇ ಹಟ. ಮನೇಲಿ ಅಜ್ಜಿ ಇದಾರಲ್ಲ, ಏನಾಯ್ತು?"

ಅಜ್ಜಿಯ ನಂಬರ್ ತೆಗೆದುಕೊಂಡೆ. ಗಂಡ ಸ್ಕೂಟರ್ ತೆಗೆದು ಅವರ ಮನೆಗೆ ಹೊರಟರು.

೧೧:೨೦

ಯಾಕಮ್ಮನೇ ಎತ್ತಿದಳು. "ಮಿಸ್, ಡಬ್ಬಿ ಕುಗ್ತಾನೇ ಇಲ್ಲ. ಉಬ್ತಾ ಇದೆ. ಯಾಕೆ?"

ಮುಚ್ಚಳ?

"ಬಿಗಿಯಾಗಿ ಹಾಕಿದೀನಿ. ನಿಮ್ ಥರಾನೇ."

ಒಲೆಯ ಹತ್ತಿರ ಹೋಗಬೇಡ, ಮನೆಯಿಂದ ಹೊರಗೆ ಓಡು ಎಂದೆ.

"ಅಜ್ಜಿ ಒಲೆ ಪಕ್ಕಾನೇ ಕೂತಿದಾರೆ ಮಿಸ್. ದೊಡ್ಡವರು ಜೊತೆಗಿರ್ಬೇಕು ಅಂದಿದ್ರಲ್ಲ."

ಫೋನ್ ಕೆಳಗಿಟ್ಟು ಓಡಿದಳು. ಬೇಡ ಎಂದದ್ದು ಕೇಳಿಸಲಿಲ್ಲ. ಲೈನ್ ಕಟ್ ಆಗಿಲ್ಲ. ಬರೆಯದಿದ್ದರೆ ಕಿರುಚಿಬಿಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ. ಕುರ್ಚಿ ಎಳೆದ ಸದ್ದು. "ಏಳಜ್ಜಿ." "ಇರೇ, ಕಾಲು ಜೋಮು ಹಿಡಿದಿದೆ." ಮತ್ತೆ ಸದ್ದು. ಹೆಜ್ಜೆ... ನಿಧಾನ. ಇನ್ನೊಂದು. ಬಾಗಿಲು ಎಷ್ಟು ದೂರವೋ. ಚಿಲಕ ಇರಬೇಕು, ತೆಗೆಯಲು ಬರುತ್ತಿಲ್ಲ. "ಯಾಕೆ ಬರ್ತಿಲ್ಲ ಇದು" ಎನ್ನುತ್ತಿದ್ದಾಳೆ. ಈಗ ಏನೋ —